ಎಕ್ಸ್-ರೇ ನಾರ್ಮಲ್, ನೋವು ಮಾತ್ರ ಹೋಗಿಲ್ಲ

ಬೈಕ್ ಜಾರಿ ಬೀಳುವಾಗ ಎಲ್ಲರೂ ಮೊದಲು ಕೈ ಊರುತ್ತಾರೆ. ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಮಣಿಕಟ್ಟು ಸ್ವಲ್ಪ ಊದುತ್ತದೆ. ಎಕ್ಸ್-ರೇ ತೆಗೆಸಿದರೆ ಮೂಳೆ ಸರಿಯಾಗಿದೆ, ಬರೀ ಉಳುಕು ಅನ್ನುತ್ತಾರೆ. ಮನೆಯಲ್ಲಿ ಎಣ್ಣೆ ಹಚ್ಚಿ ನೀವುತ್ತಾರೆ. ತಿಂಗಳುಗಟ್ಟಲೆ ಕಳೆದರೂ ಬಿಂದಿಗೆ ಎತ್ತುವಾಗ, ಚಿಲಕ ತಿರುಗಿಸುವಾಗ ಹೆಬ್ಬೆರಳ ಬುಡ ನೋಯುತ್ತಲೇ ಇರುತ್ತದೆ. ಮತ್ತೆ ಎಕ್ಸ್-ರೇ ತೆಗೆದಾಗ ಅಲ್ಲಿನ ಪುಟ್ಟ ಮೂಳೆಯೊಂದು ಎರಡು ತುಂಡಾಗಿ, ಕೂಡಿಕೊಳ್ಳದೆ ಹಾಗೇ ಉಳಿದಿರುವುದು ಕಾಣುತ್ತದೆ.

ಆ ಮೂಳೆಯ ಹೆಸರು ಸ್ಕೇಫಾಯ್ಡ್. ಮಣಿಕಟ್ಟಿನಲ್ಲಿರುವ ಎಂಟು ಪುಟ್ಟ ಮೂಳೆಗಳಲ್ಲಿ ಅತಿ ಹೆಚ್ಚು ಮುರಿಯುವುದು ಇದೇ. ಹಾಗೆ ಮುರಿದ ನೂರು ಸ್ಕೇಫಾಯ್ಡ್‌ಗಳಲ್ಲಿ ಹತ್ತರಿಂದ ಇಪ್ಪತ್ತು ಮೊದಲ ದಿನದ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ತೆಗೆದವರದಾಗಲಿ, ನೋಡಿದವರದಾಗಲಿ ತಪ್ಪಿಲ್ಲ. ಬಿರುಕು ಅಷ್ಟು ಸಣ್ಣದು. ತುಂಡುಗಳು ಇನ್ನೂ ಜಾಗ ಬಿಟ್ಟು ಕದಲಿರುವುದಿಲ್ಲ. ಕಿರಣ ಹಾದುಹೋಗುವಾಗ ಆ ಬಿರುಕಿಗೆ ನೆರಳೇ ಬೀಳುವುದಿಲ್ಲ.

ಬೇರೆ ಎಷ್ಟೋ ಸಣ್ಣ ಬಿರುಕು ಹೀಗೆ ಕಣ್ತಪ್ಪಿದರೂ ತಾನಾಗಿಯೇ ಕೂಡಿಕೊಳ್ಳುತ್ತವೆ. ಸ್ಕೇಫಾಯ್ಡ್‌ಗೆ ಆ ಅದೃಷ್ಟ ಕಡಿಮೆ. ಅದಕ್ಕೆ ರಕ್ತ ಬರುವ ದಾರಿ ತಲೆಕೆಳಗು. ರಕ್ತನಾಳಗಳು ಹೆಚ್ಚಾಗಿ ಬೆರಳಿನ ಕಡೆಯಿಂದ ಮೂಳೆಯೊಳಗೆ ಹೊಕ್ಕು ಹಿಂದಕ್ಕೆ, ಅಂದರೆ ಮುಂಗೈ ಕಡೆಗೆ ಹರಿಯುತ್ತವೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ನಿಂತುಹೋಗಬಹುದು. ರಕ್ತ ಸಿಗದ ತುಂಡು ನಿಧಾನಕ್ಕೆ ಸಾಯುತ್ತದೆ, ಪಕ್ಕದ ಕೀಲು ಸವೆಯುತ್ತದೆ. ಇದು ಜಾಸ್ತಿ ಆಗುವುದು ಇಪ್ಪತ್ತು, ಇಪ್ಪತ್ತೈದರ ಹುಡುಗರಿಗೆ. ಇನ್ನೂ ನಲವತ್ತು ವರ್ಷ ದುಡಿಯಬೇಕಾದ ಕೈ ಅದು.

ಹಾಗಾದರೆ ಫಿಲಂನಲ್ಲಿ ಕಾಣದ್ದನ್ನು ಕಂಡುಹಿಡಿಯುವುದು ಹೇಗೆ? ಬೆರಳಿನಿಂದ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿ ನೋಡಿ. ಬುಡದಲ್ಲಿ ಎರಡು ನರಗಳಂಥ ದಾರಗಳ ನಡುವೆ ಒಂದು ಗುಳಿ ಬೀಳುತ್ತದೆ. ಹಿಂದಿನ ಕಾಲದವರು ನಶ್ಯ ಇಟ್ಟು ಸೇದುತ್ತಿದ್ದ ಜಾಗ. ಬಿದ್ದ ಮೇಲೆ ಅಲ್ಲಿ ಒತ್ತಿದಾಗ ಚುಚ್ಚಿದಂತೆ ನೋವಾದರೆ, ಎಕ್ಸ್-ರೇ ಏನೇ ಹೇಳಲಿ, ಸ್ಕೇಫಾಯ್ಡ್ ಮುರಿದಿದೆ ಎಂದೇ ನಡೆದುಕೊಳ್ಳಬೇಕು. ಪಟ್ಟಿ ಹಾಕಿ, ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್-ರೇ ತೆಗೆಯುತ್ತಾರೆ. ಆ ಹೊತ್ತಿಗೆ ಮುರಿದ ಅಂಚಿನ ಮೂಳೆಯನ್ನು ದೇಹ ಸ್ವಲ್ಪ ಕರಗಿಸಿರುತ್ತದೆ. ಬಿರುಕು ಅಗಲವಾಗಿ ಕಪ್ಪು ಗೆರೆಯಾಗಿ ಕಾಣುತ್ತದೆ. ಎಂಆರ್‌ಐ ಮಾಡಿದರೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಆದರೆ ಎಲ್ಲ ತಾಲ್ಲೂಕಿನಲ್ಲೂ ಅದು ಸಿಗುವುದಿಲ್ಲ, ಖರ್ಚೂ ಜಾಸ್ತಿ. ಹತ್ತು ದಿನ ಬಿಟ್ಟು ಬನ್ನಿ ಎಂದು ಡಾಕ್ಟರ್ ಹೇಳಿದರೆ ಸುಮ್ನೆ ಓಡಾಡಿಸುತ್ತಿದ್ದಾರೆ ಎಂದುಕೊಳ್ಳಬೇಡಿ. ಆ ಎರಡನೇ ಎಕ್ಸ್-ರೇಯಲ್ಲೇ ಉತ್ತರ ಇರುವುದು.

ಐದು ಬಣ್ಣ, ಒಂದೇ ಹಾಳೆ

ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಈ ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಕೆಲವೇ ವಾರಗಳಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದರು. ಬೆರಳಿನ ಮೂಳೆ, ಉಂಗುರ ಎರಡೂ ಕಂಡವು. ಅಂದಿನಿಂದ ಯಂತ್ರ ಎಷ್ಟೋ ಬದಲಾಗಿದೆ. ಫಿಲಂ ಹೋಗಿ ಕಂಪ್ಯೂಟರ್ ಬಂದಿದೆ. ಆದರೆ ಮೂಲ ಕೆಲಸ ಅದೇ. ಒಂದು ಕಡೆಯಿಂದ ಕಿರಣ ಬಿಡುವುದು, ಇನ್ನೊಂದು ಕಡೆ ಬಿದ್ದ ನೆರಳನ್ನು ಹಿಡಿಯುವುದು.

ಆ ನೆರಳಿನಲ್ಲಿ ಬೇರೆ ಬೇರೆಯಾಗಿ ಗುರುತು ಸಿಗುವುದು ಐದೇ ಐದು ವಸ್ತು. ಗಾಳಿ ಪೂರ್ತಿ ಕಪ್ಪು. ಕೊಬ್ಬು ಅದಕ್ಕಿಂತ ಕೊಂಚ ಬೂದು. ನೀರು, ರಕ್ತ, ಮಾಂಸಖಂಡ, ಹೃದಯ, ಲಿವರ್ ಎಲ್ಲ ಒಂದೇ ಥರದ ತಿಳಿಬೂದು. ಮೂಳೆ ಬಿಳಿ. ಲೋಹ ಅಚ್ಚ ಬಿಳಿ. ರಕ್ತವೋ ಕೀವೋ ನೀರೋ ಎಂದು ಎಕ್ಸ್-ರೇ ಹೇಳಲಾರದು. ಮಂಡಿಯ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಹಿಡಿಯುವ ಪಟ್ಟಿ, ಹರಿದಿದ್ದರೂ ಹೇಳಲಾರದು. ಎಷ್ಟೋ ಜನ ಮಂಡಿ ಎಕ್ಸ್-ರೇ ಹಿಡಿದು ಲಿಗಮೆಂಟ್ ಸರಿ ಇದೆಯಾ ಎಂದು ಕೇಳುತ್ತಾರೆ. ಅದು ಆ ಚಿತ್ರದಲ್ಲಿ ಇಲ್ಲವೇ ಇಲ್ಲ.

ಎರಡನೇ ತೊಡಕು ಆಳದ್ದು. ಎದೆಯ ಮುಂದಿನದು, ಹಿಂದಿನದು, ಮೇಲಿನ ಬಟ್ಟೆ, ಕೆಳಗಿನ ಚರ್ಮ ಎಲ್ಲ ಒಂದೇ ಹಾಳೆ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಎರಡು ಮೂಳೆಯ ಅಂಚು ಹಾಯ್ದ ಕಡೆ ಮುರಿದಂತೆ ಕಾಣಬಹುದು. ನಿಜವಾಗಿ ಮುರಿದ ಮೂಳೆ ಇನ್ನೊಂದರ ಹಿಂದೆ ಅಡಗಬಹುದು. ಬಿರುಕಿನ ನೇರಕ್ಕೇ ಕಿರಣ ಹೊಕ್ಕರೆ ಮಾತ್ರ ಕಪ್ಪು ಗೆರೆ. ಅಡ್ಡ ಬಂದರೆ ಏನೂ ಇಲ್ಲ. ಇನ್ನೂ ಒಂದು ವಿಚಿತ್ರ ಇದೆ. ಮುರಿದ ತುಂಡು ಪಕ್ಕದ್ದರೊಳಗೆ ಒತ್ತಿ ಕೂತರೆ ಅಲ್ಲಿ ಮೂಳೆ ದಟ್ಟವಾಗುತ್ತದೆ. ಆಗ ಮುರಿತ ಕಪ್ಪು ಗೆರೆಯ ಬದಲು ಬಿಳಿ ಗೆರೆಯಾಗಿ ಕಾಣುತ್ತದೆ. ಕಪ್ಪನ್ನೇ ಹುಡುಕುವ ಕಣ್ಣು ಬಿಳಿಯನ್ನು ದಾಟಿ ಹೋಗುತ್ತದೆ.

ಅದಕ್ಕೇ ಕೈಕಾಲಿಗೆ ಕನಿಷ್ಠ ಎರಡು ಕೋನದ ಚಿತ್ರ ಬೇಕು. ಇದು ಎಷ್ಟು ಮುಖ್ಯ ಎಂಬುದಕ್ಕೆ ಭುಜ ಒಳ್ಳೆಯ ಉದಾಹರಣೆ. ಭುಜದ ಕೀಲು ಜಾರಿದರೆ ನೂರಕ್ಕೆ ಸುಮಾರು 95 ಸಲ ಮುಂದಕ್ಕೆ ಜಾರುತ್ತದೆ. ಅದು ಯಾರಿಗಾದರೂ ಕಾಣುತ್ತದೆ. ಉಳಿದವು ಹೆಚ್ಚಾಗಿ ಹಿಂದಕ್ಕೆ ಜಾರುತ್ತವೆ. ಆಗ ಎದುರಿನಿಂದ ತೆಗೆದ ಚಿತ್ರದಲ್ಲಿ ಮೂಳೆ ತನ್ನ ಜಾಗದಲ್ಲೇ ಇದ್ದಂತೆ ತೋರುತ್ತದೆ. ಒಂದೇ ಒಂದು ಸುಳಿವು ಇರುತ್ತದೆ. ತೋಳಿನ ಮೂಳೆಯ ತಲೆಗೆ ಸಾಮಾನ್ಯವಾಗಿ ಒಂದು ಪಕ್ಕ ಉಬ್ಬು ಇರುತ್ತದೆ. ಹಿಂದಕ್ಕೆ ಜಾರಿದಾಗ ತೋಳು ಒಳಕ್ಕೆ ತಿರುಗಿಕೊಂಡು, ಆ ತಲೆ ಎರಡೂ ಕಡೆ ಸಮವಾಗಿ ದುಂಡಗೆ ಕಾಣುತ್ತದೆ. ಡಾಕ್ಟರುಗಳು ಅದನ್ನು ಬಲ್ಬ್ ಗುರುತು ಅನ್ನುತ್ತಾರೆ. ಪಕ್ಕದಿಂದ ಇನ್ನೊಂದು ಚಿತ್ರ ತೆಗೆದರೆ ಅನುಮಾನವೇ ಉಳಿಯುವುದಿಲ್ಲ. ಹಿಂದಕ್ಕೆ ಜಾರುವುದು ಯಾರಿಗೆ ಗೊತ್ತಾ? ಮೂರ್ಛೆ ರೋಗದ ಫಿಟ್ಸ್ ಬಂದವರಿಗೆ, ಕರೆಂಟ್ ಹೊಡೆದವರಿಗೆ. ಪಂಪ್‌ಸೆಟ್ ಮುಟ್ಟಿ ಶಾಕ್ ಹೊಡೆಸಿಕೊಂಡವರು ಆಮೇಲೆ ಕೈ ಹೊರಕ್ಕೆ ತಿರುಗಿಸಲು ಆಗುತ್ತಿಲ್ಲ ಎಂದರೆ ಭುಜದ ಎರಡನೇ ಎಕ್ಸ್-ರೇ ಬೇಕೇ ಬೇಕು. ಹೇಗೆ ಪೆಟ್ಟಾಯಿತು ಎಂದು ಚೀಟಿಯಲ್ಲಿ ಬರೆದು ಕಳಿಸದಿದ್ದರೆ ಎಕ್ಸ್-ರೇ ನೋಡುವವರಿಗೆ ಇದು ಹೊಳೆಯುವುದಾದರೂ ಹೇಗೆ?

ಮೂಳೆಯ ಅಕ್ಕಪಕ್ಕ

ನನಗೆ ಅತಿ ಇಷ್ಟವಾದ ಸುಳಿವು ಮೊಣಕೈಯಲ್ಲಿದೆ. ಯಾಕೆಂದರೆ ಅಲ್ಲಿ ಮುರಿತವನ್ನು ನೋಡದೆಯೇ ಮುರಿತ ಇದೆ ಎಂದು ಹೇಳಬಹುದು.

ಮೊಣಕೈ ಕೀಲಿನ ಚೀಲಕ್ಕೆ ಅಂಟಿಕೊಂಡು ಮುಂದೆ ಒಂದು, ಹಿಂದೆ ಒಂದು ಕೊಬ್ಬಿನ ತುಣುಕು ಇದೆ. ಕೊಬ್ಬು ಮಾಂಸಕ್ಕಿಂತ ಕಪ್ಪು ಎಂದೆನಲ್ಲ, ಹಾಗಾಗಿ ಅದು ಎಕ್ಸ್-ರೇಯಲ್ಲಿ ಗುರುತಾಗುತ್ತದೆ. ಮುಂದಿನದು ಸಾಮಾನ್ಯವಾಗಿ ಮೂಳೆಗೆ ಒತ್ತಿಕೊಂಡು ತೆಳ್ಳಗೆ ಕಾಣುತ್ತದೆ. ಹಿಂದಿನದು ಮೂಳೆಯ ಆಳವಾದ ಗುಂಡಿಯಲ್ಲಿ ಅಡಗಿರುತ್ತದೆ, ಕಾಣುವುದೇ ಇಲ್ಲ. ಕೀಲಿನೊಳಗೆ ಮೂಳೆ ಒಡೆದರೆ ರಕ್ತ ತುಂಬುತ್ತದೆ. ಚೀಲ ಉಬ್ಬುತ್ತದೆ. ಎರಡೂ ಕೊಬ್ಬಿನ ತುಣುಕು ಮೇಲೇಳುತ್ತವೆ. ಮೊಣಕೈಯನ್ನು ಸರಿಯಾಗಿ ಮಡಿಸಿ ಪಕ್ಕದಿಂದ ತೆಗೆದ ಚಿತ್ರದಲ್ಲಿ ಹಿಂದಿನ ಕೊಬ್ಬು ಕಪ್ಪಗೆ ಕಂಡರೆ ಒಳಗೆ ಏನೋ ತುಂಬಿದೆ ಎಂದೇ ಅರ್ಥ. ಬಿದ್ದು ಬಂದವರಲ್ಲಿ ಅದು ಹೆಚ್ಚಾಗಿ ರಕ್ತ. ದೊಡ್ಡವರಾದರೆ ಮುಂಗೈಯ ರೇಡಿಯಸ್ ಮೂಳೆಯ ತಲೆಯಲ್ಲಿ ಬಿರುಕು ಇರಬಹುದು. ಮಕ್ಕಳಾದರೆ ತೋಳಿನ ಮೂಳೆಯ ಕೆಳತುದಿಯಲ್ಲಿ. ಬಿರುಕು ಕಾಣದಿದ್ದರೂ ಅಲ್ಲೇ ಎಲ್ಲೋ ಇದೆ ಎಂದುಕೊಂಡು ಕೈಗೆ ಆಸರೆ ಕೊಡುತ್ತಾರೆ.

ಮಕ್ಕಳ ಮೊಣಕೈ ಬಂದರೆ ಅನುಭವಿಗಳೂ ಎರಡು ಸಲ ನೋಡುತ್ತಾರೆ. ಮಗು ಹುಟ್ಟಿದಾಗ ಕೀಲಿನ ತುದಿಗಳು ಬರೀ ಮೃದ್ವಸ್ಥಿ, ಅಂದರೆ ಇನ್ನೂ ಗಟ್ಟಿಯಾಗದ ಮೆತ್ತನೆಯ ಮೂಳೆ. ಅದು ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ವಯಸ್ಸಾದಂತೆ ಅದರೊಳಗೆ ಒಂದೊಂದೇ ಮೂಳೆಯ ಚುಕ್ಕೆ ಮೂಡುತ್ತದೆ. ಮೊಣಕೈಯಲ್ಲಿ ಇಂಥ ಆರು ಚುಕ್ಕೆ. ಹೆಚ್ಚುಕಡಿಮೆ 1, 3, 5, 7, 9, 11ನೇ ವಯಸ್ಸಿಗೆ ಸರದಿಯಂತೆ ಬರುತ್ತವೆ. ವಯಸ್ಸು ಆಚೀಚೆ ಆಗಬಹುದು, ಸರದಿ ಮಾತ್ರ ತಪ್ಪುವುದು ಅಪರೂಪ. ಒಳಗಡೆಯ ಉಬ್ಬಿನ ಚುಕ್ಕೆ ಮೂರನೆಯದು. ಅದರ ಪಕ್ಕ ಕೀಲಿನೊಳಗಿನ ಟ್ರಾಕ್ಲಿಯಾ ನಾಲ್ಕನೆಯದು. ಈಗ ಯೋಚಿಸಿ. ಎಂಟು ವರ್ಷದ ಹುಡುಗ ಮರದಿಂದ ಬಿದ್ದಿದ್ದಾನೆ. ನಾಲ್ಕನೆಯ ಚುಕ್ಕೆಯ ಜಾಗದಲ್ಲಿ ಮೂಳೆ ಕಾಣುತ್ತಿದೆ, ಮೂರನೆಯ ಚುಕ್ಕೆಯ ಜಾಗ ಖಾಲಿ. ಮೇಲ್ನೋಟಕ್ಕೆ ಎಲ್ಲ ಸರಿ. ಆದರೆ ಮೂರನೆಯದು ಬರದೆ ನಾಲ್ಕನೆಯದು ಬರುವುದಿಲ್ಲವಲ್ಲ. ಆಗಿರುವುದು ಏನೆಂದರೆ, ಮೂರನೆಯದು ಕಿತ್ತು ಬಂದು ಕೀಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ನಾಲ್ಕನೆಯದರ ವೇಷ ಹಾಕಿದೆ. ಅದನ್ನು ಬೇಗ ಬಿಡಿಸದಿದ್ದರೆ ಕೈ ಬಿಗಿದುಹೋಗುತ್ತದೆ. ಸರದಿ ಗೊತ್ತಿಲ್ಲದವರಿಗೆ ಈ ಎಕ್ಸ್-ರೇ ನಾರ್ಮಲ್.

ಇಂಥಲ್ಲಿ ನೋವಿಲ್ಲದ ಇನ್ನೊಂದು ಕೈಯ ಚಿತ್ರವನ್ನೂ ತೆಗೆದು ಹೋಲಿಸುವುದುಂಟು. ಪೆಟ್ಟಾಗಿರುವುದು ಎಡಗೈಗೆ, ಬಲಗೈ ಯಾಕೆ ತೆಗೆಯುತ್ತೀರಿ ಎಂದು ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಆ ಮಗುವಿನ ಸರಿಯಾದ ಮೊಣಕೈ ಹೇಗಿರುತ್ತದೆ ಎಂದು ಹೇಳುವ ಪುಸ್ತಕ ಆ ಇನ್ನೊಂದು ಕೈ ಒಂದೇ.

ಮುರಿದಂತೆ ಕಾಣುವ ಸರಿ ಮೂಳೆ

ಕಾಣದ ಮುರಿತದಷ್ಟೇ ತೊಂದರೆ ಕೊಡುವುದು ಇಲ್ಲದ ಮುರಿತ. ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಪಟ್ಟಿ ಇರುತ್ತದೆ. ಅದೂ ಮೃದ್ವಸ್ಥಿಯೇ, ಹಾಗಾಗಿ ಕಪ್ಪು ಗೆರೆ. ಫಿಲಂ ಎತ್ತಿ ಹಿಡಿದ ಎಷ್ಟೋ ತಂದೆತಾಯಿಗೆ ಎದೆ ಧಸಕ್ಕೆನ್ನುವುದು ಇದನ್ನು ನೋಡಿಯೇ. ಇದರ ಇನ್ನೊಂದು ಮುಖವೂ ಇದೆ. ಆ ಪಟ್ಟಿಯ ಉದ್ದಕ್ಕೇ ಮೂಳೆ ಬಿಟ್ಟುಕೊಂಡು, ಜಾಗ ಕದಲದೆ ಉಳಿದರೆ ಎಕ್ಸ್-ರೇ ಪೂರ್ತಿ ಸರಿಯಾಗಿಯೇ ಕಾಣುತ್ತದೆ. ಅಲ್ಲೂ ತೀರ್ಪು ಕೊಡುವುದು ಒತ್ತಿದಾಗ ಆಗುವ ನೋವೇ.

ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಉದ್ದ ಮೂಳೆಯ ಬುಡಕ್ಕೆ ಬನ್ನಿ. ಕಾಲು ಒಳಕ್ಕೆ ಹೊರಳಿದಾಗ ಇಲ್ಲಿ ಮುರಿಯುವುದು ಮಾಮೂಲು. ಬೆಳೆಯುವ ಮಕ್ಕಳಲ್ಲಿ ಅದೇ ಜಾಗದಲ್ಲಿ ಬೆಳವಣಿಗೆಯ ಭಾಗವಾಗಿ ಮೂಡುವ ಒಂದು ಮೂಳೆಯ ಚೂರು ಇರುತ್ತದೆ. ಬೇರೆ ಮಾಡುವುದು ಹೇಗೆ? ಗೆರೆಯ ದಿಕ್ಕು ನೋಡಬೇಕು. ಬೆಳವಣಿಗೆಯ ಗೆರೆ ಮೂಳೆಯ ಉದ್ದಕ್ಕೆ ಹೋಗುತ್ತದೆ. ಮುರಿತ ಸಾಮಾನ್ಯವಾಗಿ ಅಡ್ಡಡ್ಡ ಹೋಗುತ್ತದೆ. ಎಷ್ಟು ಸರಳ, ಎಷ್ಟು ಕೆಲಸಕ್ಕೆ ಬರುವ ನಿಯಮ ಅಲ್ವಾ?

ಮಂಡಿಚಿಪ್ಪು ಕೆಲವರಿಗೆ ಹುಟ್ಟಿನಿಂದಲೇ ಎರಡು ಭಾಗ. ಸಣ್ಣ ಭಾಗ ಹೆಚ್ಚಾಗಿ ಮೇಲಿನ ಹೊರಮೂಲೆಯಲ್ಲಿರುತ್ತದೆ. ಅಂಚು ನುಣುಪು, ಸುತ್ತ ಬಿಳಿ ಗೆರೆಯ ಕಟ್ಟು. ಆಗ ತಾನೇ ಮುರಿದ ಅಂಚಿಗೆ ಆ ಬಿಳಿ ಕಟ್ಟು ಇರುವುದಿಲ್ಲ, ಒರಟಾಗಿರುತ್ತದೆ. ಹರಡಿನ (ಕಾಲು ಮತ್ತು ಪಾದ ಸೇರುವ ಕೀಲಿನ) ಹಿಂದೆ, ಮಂಡಿಯ ಹಿಂದೆ, ಪಾದದಲ್ಲಿ ಹೀಗೆ ಹೆಚ್ಚುವರಿ ಪುಟ್ಟ ಮೂಳೆಗಳು ಎಷ್ಟೋ ಜನರಲ್ಲಿರುತ್ತವೆ. ಬದುಕಿಡೀ ಗೊತ್ತೇ ಆಗುವುದಿಲ್ಲ.

ಇನ್ನು ಕೆಲವೊಮ್ಮೆ ಮೋಸ ಮಾಡುವುದು ನಮ್ಮದೇ ಕಣ್ಣು. ಬಿಳಿ ಮತ್ತು ಬೂದು ಸೇರುವ ಅಂಚಿನಲ್ಲಿ ಕಣ್ಣು ತಾನಾಗಿ ಒಂದು ಕಪ್ಪು ಗೆರೆಯನ್ನು ಸೇರಿಸಿಕೊಂಡು ನೋಡುತ್ತದೆ. ಎರ್ನ್ಸ್ಟ್ ಮಾಕ್ ಎಂಬ ವಿಜ್ಞಾನಿ ಇದನ್ನು 1865ರಲ್ಲೇ, ಎಕ್ಸ್-ರೇ ಹುಟ್ಟುವ 30 ವರ್ಷ ಮೊದಲೇ ವಿವರಿಸಿದ್ದರು. ಕುತ್ತಿಗೆಯ ಎರಡನೇ ಮೂಳೆಯ ಗೂಟದ ಮೇಲೆ ಮೊದಲ ಮೂಳೆಯ ನೆರಳು ಬಿದ್ದಾಗ ಅಲ್ಲೊಂದು ಅಡ್ಡ ಗೆರೆ ಕಾಣುತ್ತದೆ. ಕತ್ತು ಮುರಿದಿದೆ ಅನ್ನಿಸುತ್ತದೆ. ಅಂಚನ್ನು ಹಾಳೆಯಿಂದ ಮುಚ್ಚಿ ನೋಡಿದರೆ ಆ ಗೆರೆ ಮಾಯ. ನಿಜವಾದ ಮುರಿತವಾದರೆ ಮುಚ್ಚಿದರೂ ಉಳಿಯುತ್ತದೆ.

ಒಂದು ಸಿಕ್ಕಿತು ಎಂದು ನಿಲ್ಲಿಸಿದರೆ

ಮುರಿತ ಹುಡುಕುವ ಕಣ್ಣಿಗೆ ಒಂದು ಸಿಕ್ಕಿದ ಕೂಡಲೇ ಸಮಾಧಾನವಾಗುತ್ತದೆ. ಹುಡುಕಾಟ ಅಲ್ಲೇ ನಿಲ್ಲುತ್ತದೆ. ಎಕ್ಸ್-ರೇ ಓದುವವರು ಕಲಿಯುವ ಅತಿ ಕಷ್ಟದ ಶಿಸ್ತು ಅದರ ಮುಂದಿನದು, ಎರಡನೆಯದನ್ನು ಹುಡುಕುವುದು. ಗಾಜಿನ ಬಳೆ ಒಂದೇ ಕಡೆ ಒಡೆಯುವುದು ಕಡಿಮೆ, ಒಡೆದರೆ ಎರಡು ತುಂಡು. ದೇಹದಲ್ಲಿ ಬಳೆಯಂಥ ಸುತ್ತುಗಳು ಹಲವು ಇವೆ. ಸೊಂಟದ ಗೂಡು ಒಂದು. ಮುಂಗೈಯ ಜೋಡಿ ಮೂಳೆ ಇನ್ನೊಂದು. ಮುಂಗೈಯಲ್ಲಿ ಒಂದು ಮೂಳೆ ಮಾತ್ರ ಮುರಿದು ಬಾಗಿದ್ದರೆ, ಇನ್ನೊಂದು ಮೂಳೆ ಮೊಣಕೈಯಲ್ಲೋ ಮಣಿಕಟ್ಟಿನಲ್ಲೋ ಕೀಲು ತಪ್ಪಿರಬಹುದು. ಅದಕ್ಕೆ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಚಿತ್ರದೊಳಗೆ ಬರಬೇಕು. ಹರಡು ತಿರುಚಿಕೊಂಡವರಲ್ಲಿ ಕೆಲವೊಮ್ಮೆ ಆ ಪೆಟ್ಟು ಮೇಲಕ್ಕೆ ಹರಿದು, ಮಂಡಿಯ ಕೆಳಗೆ ಹೊರಗಡೆಯ ಸಣ್ಣ ಮೂಳೆಯನ್ನು ಮುರಿದಿರುತ್ತದೆ. ಹರಡಿನ ಎಕ್ಸ್-ರೇಯಲ್ಲಿ ಅದು ಬರುವುದೇ ಇಲ್ಲ. ಮಂಡಿಯ ಕೆಳಗೆ ಕೈಯಿಟ್ಟು ಒತ್ತಿ ನೋಡಿದವರಿಗೆ ಸಿಗುತ್ತದೆ.

ಹರಡಿನ ಬಗ್ಗೆ ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮ ಇಂದಿಗೂ ಲೋಕವೆಲ್ಲ ನಡೆಯುತ್ತಿದೆ. ಹರಡಿನ ಎರಡು ಗಂಟುಗಳ ಹಿಂಬದಿ ಒತ್ತಿದಾಗ ಮೂಳೆ ನೋಯುತ್ತದೆಯೇ, ನಾಲ್ಕು ಹೆಜ್ಜೆ ನಡೆಯಲು ಆಗುತ್ತದೆಯೇ ಎಂದು ಮೊದಲು ನೋಡುತ್ತಾರೆ. ಪಾದದ ನಡುಭಾಗ ನೋಯುತ್ತಿದ್ದರೆ ಅಲ್ಲಿಯೂ ಎರಡು ಕಡೆ ಒತ್ತಿ ನೋಡುತ್ತಾರೆ. ಎಲ್ಲ ಸರಿ ಇದ್ದರೆ ಎಕ್ಸ್-ರೇಯೇ ಬೇಡ. ಬೆರಳಿನ ಪರೀಕ್ಷೆ ಚಿತ್ರಕ್ಕಿಂತ ಮೊದಲು ಬರಬೇಕು ಎಂಬುದನ್ನು ಇಷ್ಟು ಗಟ್ಟಿಯಾಗಿ ತೋರಿಸಿದ ನಿಯಮ ಇನ್ನೊಂದಿಲ್ಲ.

ಪಾದದ ನಡುವೆ ಆಗುವ ಒಂದು ಪೆಟ್ಟನ್ನು ಇಲ್ಲಿ ಹೇಳಲೇಬೇಕು. ನೆಪೋಲಿಯನ್ ಕಾಲದ ಫ್ರೆಂಚ್ ಸರ್ಜನ್ ಲಿಸ್‌ಫ್ರಾಂಕ್ ಹೆಸರಿನ ಕೀಲು ಅದು. ಐದರಲ್ಲಿ ಒಂದರಷ್ಟು ಮೊದಲ ಸಲ ತಪ್ಪಿಹೋಗುತ್ತವೆ. ಮಲಗಿಸಿ ತೆಗೆದ ಚಿತ್ರದಲ್ಲಿ ಮೂಳೆಗಳು ಸಾಲಾಗಿಯೇ ಇರುತ್ತವೆ. ನಿಲ್ಲಿಸಿ, ಪಾದದ ಮೇಲೆ ಭಾರ ಬಿಟ್ಟು ತೆಗೆದಾಗ ಎರಡನೇ ಬೆರಳಿನ ಉದ್ದ ಮೂಳೆ ಪಕ್ಕಕ್ಕೆ ಸರಿದು ಸಂದಿ ಬೀಳುತ್ತದೆ. ಪಾದದ ಅಡಿಯಲ್ಲಿ ನೀಲಿಗಟ್ಟಿದ್ದರೆ ಈ ಅನುಮಾನ ಬರಲೇಬೇಕು.

ಬಚ್ಚಲಲ್ಲಿ ಜಾರಿದ ಅಜ್ಜಿಯರ ಸೊಂಟವೂ ಹೀಗೇ. ಮೂಳೆ ಸವೆದು ತೆಳುವಾಗಿರುವುದರಿಂದ ತೊಡೆಮೂಳೆಯ ಕತ್ತಿನ ಬಿರುಕು ಕೆಲವರಲ್ಲಿ ಮೊದಲ ಎಕ್ಸ್-ರೇಯಲ್ಲಿ ಮೂಡುವುದಿಲ್ಲ. ಅಜ್ಜಿ ಗೋಡೆ ಹಿಡಿದು ನಡೆದಾಡಲೂಬಹುದು. ಒಂದು ದಿನ ಆ ಬಿರುಕು ಪೂರ್ತಿ ಜಾರುತ್ತದೆ. ಸಣ್ಣ ಸ್ಕ್ರೂ ಹಾಕಿ ಮುಗಿಸಬಹುದಾಗಿದ್ದ ಕೆಲಸ ದೊಡ್ಡ ಆಪರೇಷನ್ ಆಗುತ್ತದೆ. ವಯಸ್ಸಾದವರು ಬಿದ್ದು, ತೊಡೆಸಂದಿ ನೋವು ಎಂದು ಕಾಲೂರಲು ಹಿಂಜರಿಯುತ್ತಿದ್ದರೆ, ಎಕ್ಸ್-ರೇ ಸರಿ ಇದ್ದರೂ ಎಂಆರ್‌ಐ ಬಗ್ಗೆ ಕೇಳಿ. ಅದು ಸಿಗದ ಕಡೆ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಅವರ ನೋವನ್ನು ವಯಸ್ಸಿನ ಮೇಲೆ ಹಾಕಬೇಡಿ.

ದೂರದ ಪಾದಯಾತ್ರೆ ಮಾಡಿದವರಿಗೆ, ಪೊಲೀಸ್ ತರಬೇತಿಗೆ ಸೇರಿದವರಿಗೆ ಪಾದದ ಮೂಳೆಯಲ್ಲಿ ಬರುವ ಸಣ್ಣ ಬಿರುಕೂ ಎರಡು ಮೂರು ವಾರ ಕಾಣುವುದಿಲ್ಲ. ಮೂಳೆಯೊಳಗೆ ಕೀವಾದರೂ ಅಷ್ಟೇ, ಎಕ್ಸ್-ರೇ ಬದಲಾಗಲು ಹತ್ತು ಹನ್ನೆರಡು ದಿನ ಬೇಕು. ಮಗುವಿಗೆ ಜ್ವರ ಇದೆ, ಕಾಲು ಮುಟ್ಟಿಸಿಕೊಳ್ಳುತ್ತಿಲ್ಲ ಎಂದಾಗ ಸರಿಯಾಗಿರುವ ಎಕ್ಸ್-ರೇ ನೋಡಿ ಸುಮ್ಮನಿರುವುದು ಅಪಾಯ.

ಎದೆಯ ಎಕ್ಸ್-ರೇಯಲ್ಲಿ ಜಡೆ

ಎದೆಯ ಎಕ್ಸ್-ರೇ ತೆಗೆಯುವ ಮೊದಲು ಟೆಕ್ನಿಷಿಯನ್ ಜಡೆ ಎತ್ತಿ ಕಟ್ಟಿಕೊಳ್ಳಿ ಅನ್ನುತ್ತಾರೆ. ಎಷ್ಟೋ ಹೆಂಗಸರಿಗೆ ಇದು ಕಿರಿಕಿರಿ. ಕಾರಣ ಗಟ್ಟಿಯಾಗಿದೆ. ಬಿಗಿಯಾಗಿ ಹೆಣೆದ ಜಡೆ ಹೆಗಲ ಮೇಲೆ ಬಿದ್ದರೆ ಶ್ವಾಸಕೋಶದ ತುದಿಯ ಮೇಲೆ ಮಚ್ಚೆಮಚ್ಚೆ ನೆರಳು ಬೀಳುತ್ತದೆ. ಟಿಬಿ ಕೂರುವ ಜಾಗವೂ ಅದೇ ತುದಿ. ಇಲ್ಲದ ಟಿಬಿಗೆ ಕಫ ಪರೀಕ್ಷೆ, ಸ್ಕ್ಯಾನ್ ಎಂದು ಅಲೆಯಬೇಕಾಗುತ್ತದೆ. ತಾಳಿ, ಬ್ಲೌಸಿನ ಹುಕ್ಕು, ಸೆರಗಿನ ಪಿನ್ನು, ಸೊಂಟದ ಎಕ್ಸ್-ರೇಯಲ್ಲಿ ಉಡಿದಾರದ ತಾಯತ, ಎಲ್ಲಕ್ಕೂ ಇದೇ ಮಾತು.

ಮೊಲೆತೊಟ್ಟು ಶ್ವಾಸಕೋಶದೊಳಗಿನ ಗಂಟಿನಂತೆ ಕಾಣುತ್ತದೆ. ಅನುಮಾನ ಬಂದರೆ ಅಲ್ಲಿ ಸಣ್ಣ ಲೋಹದ ಗುರುತು ಅಂಟಿಸಿ ಮತ್ತೆ ತೆಗೆದರೆ ಆಯಿತು. ಮಲಗಿದ ವಯಸ್ಸಾದವರ ಬೆನ್ನಿನ ಚರ್ಮ ಮಡಿಚಿಕೊಂಡರೆ, ಶ್ವಾಸಕೋಶದಿಂದ ಗಾಳಿ ಸೋರಿ ಅದು ಕುಗ್ಗಿದಂತೆ ಒಂದು ಅಂಚು ಕಾಣುತ್ತದೆ. ಆ ಅಂಚಿನಾಚೆಗೂ ರಕ್ತನಾಳದ ಗೆರೆಗಳು ಮುಂದುವರಿದಿದ್ದರೆ ಅದು ಚರ್ಮ. ಇಲ್ಲವಾದರೆ ನಿಜವಾಗಿ ಗಾಳಿ ಸೋರಿದೆ. ಇದನ್ನು ಗುರುತಿಸದೆ ಎದೆಗೆ ಟ್ಯೂಬ್ ಹಾಕಿದರೆ ಸರಿಯಿದ್ದ ಶ್ವಾಸಕೋಶಕ್ಕೇ ಗಾಯ.

ಹೃದಯ ದೊಡ್ಡದಾಗಿದೆ ಎಂಬ ರಿಪೋರ್ಟ್ ಜನರನ್ನು ಹೆದರಿಸಿದಷ್ಟು ಬೇರೆ ಯಾವುದೂ ಹೆದರಿಸುವುದಿಲ್ಲ. ಚಿತ್ರ ತೆಗೆದ ರೀತಿ ನೋಡದೆ ಇದನ್ನು ನಂಬಬಾರದು. ಎದೆಯನ್ನು ಹಾಳೆಗೆ ಒತ್ತಿ ನಿಲ್ಲಿಸಿ, ಆರು ಅಡಿ ದೂರದಿಂದ, ಬೆನ್ನಿನ ಕಡೆಯಿಂದ ಕಿರಣ ಬಿಟ್ಟಾಗ ಹೃದಯದ ನೆರಳು ಹೆಚ್ಚುಕಡಿಮೆ ನಿಜವಾದ ಅಳತೆಯಲ್ಲಿರುತ್ತದೆ. ಹಾಸಿಗೆ ಹಿಡಿದವರಿಗೆ ಹತ್ತಿರದಿಂದ, ಮುಂದಿನಿಂದ ತೆಗೆಯಬೇಕಾಗುತ್ತದೆ. ಹೃದಯ ಹಾಳೆಯಿಂದ ದೂರ ಇರುವುದರಿಂದ ನೆರಳು ಹಿಗ್ಗುತ್ತದೆ. ಉಸಿರು ಪೂರ್ತಿ ಎಳೆಯದಿದ್ದರಂತೂ ಇನ್ನೂ ದೊಡ್ಡದು. ಎಳೆಮಕ್ಕಳಲ್ಲಿ ಹೃದಯದ ಮೇಲೆ ಥೈಮಸ್ ಗ್ರಂಥಿ ಕೂತು ಗಡ್ಡೆಯಂತೆ ಕಾಣುವುದೂ ಸಹಜವೇ.

ನಿಜವಾದ ಕಾಯಿಲೆ ಅಡಗುವ ಜಾಗಗಳು ಬೇರೆ ಇವೆ. ಕೊರಳೆಲುಬಿನ ಹಿಂದೆ, ಹೃದಯದ ಹಿಂದೆ, ವಪೆಯ (ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ಮಾಂಸದ ಪರದೆಯ) ಕೆಳಗಿನ ಭಾಗದಲ್ಲಿ. ತಪ್ಪಿಹೋದ ಶ್ವಾಸಕೋಶದ ಕ್ಯಾನ್ಸರ್‌ಗಳನ್ನು ಹಿಂತಿರುಗಿ ನೋಡಿದಾಗ ಮತ್ತೆ ಮತ್ತೆ ಸಿಗುವುದು ಈ ಮೂಲೆಗಳಲ್ಲೇ. ಅಮೆರಿಕದ ಎಕ್ಸ್-ರೇ ತಜ್ಞ ಬೆಂಜಮಿನ್ ಫೆಲ್ಸನ್ 1950ರಲ್ಲಿ ತಿಳಿಸಿಕೊಟ್ಟ ಉಪಾಯವೊಂದಿದೆ. ಹೃದಯದ ಅಂಚು ಚೂಪಾಗಿ ಕಾಣುವುದು ಪಕ್ಕದ ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ. ಅಲ್ಲಿ ನ್ಯುಮೋನಿಯಾ ಬಂದು ಗಾಳಿಯ ಜಾಗದಲ್ಲಿ ಕೀವು ತುಂಬಿದರೆ ಎರಡೂ ಒಂದೇ ಬೂದು ಆಗಿ ಅಂಚು ಅಳಿಸಿಹೋಗುತ್ತದೆ. ಯಾವ ಅಂಚು ಅಳಿಸಿದೆ ಎಂದು ನೋಡಿ ಕಾಯಿಲೆ ಎಲ್ಲಿದೆ ಎಂದು ಹೇಳಬಹುದು. ಹೃದಯದ ಬಲ ಅಂಚು ಮಸುಕಾದರೆ ಬಲ ಶ್ವಾಸಕೋಶದ ನಡುಭಾಗ. ಹೃದಯದ ಅಂಚು ಚೂಪಾಗಿದ್ದು ವಪೆಯ ಗೆರೆ ಮಸುಕಾದರೆ ಕೆಳಭಾಗ. ಇಲ್ಲದ್ದನ್ನು ಗಮನಿಸುವ ಈ ಅಭ್ಯಾಸ ನನ್ನ ಪ್ರಕಾರ ಎಕ್ಸ್-ರೇ ಓದುವುದರಲ್ಲಿ ಅತ್ಯಂತ ಬೆಲೆಬಾಳುವುದು.

ವಪೆಯ ಕೆಳಗೆ ಕಪ್ಪು ಗಾಳಿ ಕಂಡರೆ ಕರುಳೋ ಹೊಟ್ಟೆಯೋ ತೂತಾಗಿದೆ ಎಂದು ತಕ್ಷಣ ಆಪರೇಷನ್‌ಗೆ ಒಯ್ಯುತ್ತಾರೆ. ಆದರೆ ಕೆಲವರಲ್ಲಿ ದೊಡ್ಡ ಕರುಳೇ ಲಿವರ್ ಮತ್ತು ವಪೆಯ ನಡುವೆ ಹೊಕ್ಕು ಕೂತಿರುತ್ತದೆ. ವಿಯೆನ್ನಾದ ಎಕ್ಸ್-ರೇ ವೈದ್ಯ ಕಿಲೈಡಿಟಿ 1910ರಲ್ಲಿ ಇದನ್ನು ವಿವರಿಸಿದರು. ಆ ಗಾಳಿಯೊಳಗೆ ಕರುಳಿನ ಮಡಿಕೆಗಳು ಕಂಡರೆ, ರೋಗಿಯ ಹೊಟ್ಟೆ ಮೃದುವಾಗಿದ್ದರೆ ಆಪರೇಷನ್ ಬೇಡ.

ಮಕ್ಕಳು ನುಂಗಿದ್ದರ ಬಗ್ಗೆ ಎರಡೇ ಮಾತು, ಎರಡೂ ಪ್ರಾಣದ ಮಾತು. ಕಡಲೆಬೀಜ, ಹುಣಸೆಬೀಜ, ಪ್ಲಾಸ್ಟಿಕ್ ಚೂರು ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ತಿನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ನೀಲಿಗಟ್ಟಿ ಆಮೇಲೆ ಸರಿಹೋದರೂ, ಎಕ್ಸ್-ರೇ ಸರಿ ಇದ್ದರೂ, ಬೀಜ ಶ್ವಾಸನಾಳದಲ್ಲಿ ಉಳಿದಿರಬಹುದು. ಒಂದು ಕಡೆ ಶ್ವಾಸಕೋಶ ಉಸಿರು ಬಿಟ್ಟಾಗಲೂ ಉಬ್ಬಿಯೇ ಇರುವುದು ಅದರ ಸುಳಿವು. ಎರಡನೆಯದು, ಅನ್ನನಾಳದಲ್ಲಿ ದುಂಡಗೆ ಬಿಳಿಯಾಗಿ ಕಾಣುವುದೆಲ್ಲ ನಾಣ್ಯವಲ್ಲ. ಅಂಚಿನ ಒಳಗೆ ಇನ್ನೊಂದು ವೃತ್ತ ಕಂಡರೆ ಅದು ಆಟಿಕೆಯ ಬಟನ್ ಸೆಲ್. ಎರಡು ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನಾಣ್ಯವಾದರೆ ಒಮ್ಮೊಮ್ಮೆ ಕಾದು ನೋಡಬಹುದು. ಅನ್ನನಾಳದಲ್ಲಿ ಸಿಕ್ಕ ಸೆಲ್‌ಗೆ ಕಾಯುವ ಮಾತಿಲ್ಲ.

ಕೋಲಾರದ ನೀರು ಮತ್ತು ಹಳೆಯ ಫಿಲಂ

ಊರು ಯಾವುದು ಎಂದು ಕೇಳುವುದೂ ಎಕ್ಸ್-ರೇ ಓದುವ ಕೆಲಸದ ಭಾಗ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ವರ್ಷಗಟ್ಟಲೆ ಅದನ್ನು ಕುಡಿದವರ ಬೆನ್ನುಮೂಳೆ, ಸೊಂಟದ ಮೂಳೆ ಸುಣ್ಣ ಬಳಿದಷ್ಟು ಬಿಳಿಯಾಗುತ್ತವೆ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಮೂಳೆ ಬಿಳಿಯಾಗುತ್ತದೆ. ಎಪ್ಪತ್ತರ ರೈತನ ಸೊಂಟದ ಎಕ್ಸ್-ರೇ ನೋಡಿ ಗಾಬರಿಯಾಗುವ ಮೊದಲು ಮುಂಗೈಯ ಒಂದು ಎಕ್ಸ್-ರೇ ತೆಗೆಸಬೇಕು. ಫ್ಲೋರೈಡ್ ಆದರೆ ಎರಡು ಮೂಳೆಗಳ ನಡುವಿನ ಪೊರೆಯೂ ಅಲ್ಲಲ್ಲಿ ಮೂಳೆಯಾಗಿರುತ್ತದೆ. ಕ್ಯಾನ್ಸರ್ ಹಾಗೆ ಮಾಡುವುದಿಲ್ಲ. ಆದರೆ ಒಬ್ಬರಿಗೇ ಎರಡೂ ಇರಬಾರದು ಎಂದೇನಿಲ್ಲ. ಮೂತ್ರದ ತೊಂದರೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಇದಕ್ಕೆ ತದ್ವಿರುದ್ಧವಾಗಿ, ಮೂಳೆಯನ್ನು ತಿನ್ನುವ ಕ್ಯಾನ್ಸರ್ ಆ ಜಾಗದ ಮೂಳೆಯ ಮೂರನೇ ಒಂದು ಭಾಗವನ್ನೋ ಅರ್ಧವನ್ನೋ ಕರಗಿಸುವ ತನಕ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ರಾತ್ರಿ ನಿದ್ದೆಗೆಡಿಸುವ ಬೆನ್ನುನೋವು, ತೂಕ ಇಳಿಯುವುದು ಇದ್ದರೆ ಸರಿಯಾಗಿರುವ ಎಕ್ಸ್-ರೇ ಸಾಲದು.

ಎದೆಯಲ್ಲಿ ಮಚ್ಚೆ ಕಂಡಾಗ ಅತಿ ಬೇಗ ಉತ್ತರ ಕೊಡುವುದು ಹಳೆಯ ಫಿಲಂ. ಎರಡು ವರ್ಷದ ಹಿಂದೆಯೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಆ ಗಟ್ಟಿ ಮಚ್ಚೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ಬಹಳ ಕಡಿಮೆ. ಎಂದೋ ವಾಸಿಯಾದ ಟಿಬಿಯ ಕಲೆ ಇರಬಹುದು. ಒಂದೇ ಒಂದು ಎಕ್ಸ್-ರೇ ನೋಡಿ ಅದು ಹಳೆಯದೋ ಈಗಿನದೋ ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ಫಿಲಂಗಳನ್ನು ತೇವ ತಾಕದ ಕಡೆ, ಚಪ್ಪಟೆಯಾಗಿ, ತಾರೀಖಿನ ಕವರಿನೊಳಗೇ ಇಡಿ. ಕಿಟಕಿ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ದೊಡ್ಡ ಮುರಿತ ಕಾಣಬಹುದು. ಇಷ್ಟು ಹೊತ್ತು ಹೇಳಿದ ತೆಳು ಗೆರೆಗಳು, ಮಸುಕಾದ ಅಂಚುಗಳು, ಕೊಬ್ಬಿನ ನೆರಳು ಅದರಲ್ಲಿ ಉಳಿಯುವುದಿಲ್ಲ. ಎಕ್ಸ್-ರೇ ತೆಗೆಸಿದ ಕಡೆ ಮೂಲ ಫೈಲನ್ನೇ ಸಿಡಿಯಲ್ಲೋ ಲಿಂಕ್‌ನಲ್ಲೋ ಕೇಳಿ ಪಡೆಯಿರಿ. ಬೇರೆ ಡಾಕ್ಟರಿಗೆ ತೋರಿಸುವಾಗ ಅದರ ಜೊತೆಗೆ ಒಂದು ಸಾಲು ಬರೆದು ಕೊಡಿ: ಯಾವತ್ತು ಬಿದ್ದದ್ದು, ಹೇಗೆ ಬಿದ್ದದ್ದು, ಒಂದೇ ಬೆರಳಿಟ್ಟು ತೋರಿಸಿದರೆ ನೋವು ಎಲ್ಲಿ.